ಉಸಿರು ಮರಳಿತು, ನಿದ್ದೆ ಮರಳಲಿಲ್ಲ

ದೊಡ್ಡ ಕಾಯಿಲೆಯಿಂದ ಪಾರಾಗಿ ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋದಾಗ ನಾವೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಈಗ ಹೇಗಿದ್ದೀರಿ, ಉಸಿರಾಟ ಸಲೀಸಾ, ಊಟ ಸೇರ್ತದಾ, ಬಿಲ್ ಎಷ್ಟಾಯ್ತು. ಅವರು ‘ಅಲ್‌ಹಮ್ದುಲಿಲ್ಲಾಹ್’ ಅಂತಾರೆ. ನಾವು ಹಣ್ಣಿನ ತೊಟ್ಟೆ ಕೈಗೆ ಕೊಟ್ಟು, ಚಹಾ ಕುಡಿದು ಹೊರಡ್ತೇವೆ. ರಾತ್ರಿ ನಿದ್ದೆ ಬರ್ತದಾ ಎಂದು ಕೇಳುವವರು ಬಹಳ ಕಡಿಮೆ. ನಾವೂ ಕೇಳಿರಲಿಲ್ಲ. ಕೇಳದೆ ಇದ್ದದ್ದು ಎಂಥ ತಪ್ಪು ಎಂದು ಗೊತ್ತಾದದ್ದು ಬಂಡಳ್ಳಿಯಲ್ಲಿ ಒಂದು ರಾತ್ರಿ ತಂಗಿದ ಮೇಲೆ.

ಬಂಡಳ್ಳಿ ಎಂದರೆ ನಮ್ಮ ಕರಾವಳಿಯ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಮಡಿಕೇರಿ, ಮೈಸೂರು, ತಿ. ನರಸೀಪುರ, ಕೊಳ್ಳೇಗಾಲ ದಾಟಿ ಹೋಗಬೇಕು. ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನ ಊರು ಅದು. ಸುತ್ತ ಗುಡ್ಡ ಕಾಡು, ಕೆಳಗೆ ರಾಗಿ, ಜೋಳ, ಹಿಪ್ಪುನೇರಳೆ. ನಮಗೂ ಆ ಊರಿಗೂ ನಂಟು ಬೆಳೆದದ್ದು ಇಲ್ಲಿ ಅಲ್ಲ, ದಮ್ಮಾಮ್‌ನಲ್ಲಿ. ಉಳ್ಳಾಲ, ಫರಂಗಿಪೇಟೆ, ಉಪ್ಪಿನಂಗಡಿ ಕಡೆಯ ನಾವು ನಾಲ್ಕು ಮಂದಿ ಬ್ಯಾರಿಗಳು, ಬಂಡಳ್ಳಿಯ ಒಬ್ಬರು ಭಾಯಿ, ಒಂದೇ ರೂಮಿನಲ್ಲಿ ಆರು ವರ್ಷ ಮಲಗಿದವರು. ನಾವು ನಮ್ಮೊಳಗೆ ಬ್ಯಾರಿ ಮಾತಾಡಿದರೆ ಅವರಿಗೆ ತಿಳಿಯದು, ಅವರು ಮನೆಗೆ ಫೋನ್ ಮಾಡಿ ಉರ್ದು ಮಾತಾಡಿದರೆ ನಮಗೆ ಅರ್ಧವೇ ತಿಳಿಯುವುದು. ನಮ್ಮೆಲ್ಲರ ನಡುವಿನ ಭಾಷೆ ಕನ್ನಡ, ಅದೂ ಅವರದ್ದು ಒಂದು ಬಗೆ, ನಮ್ಮದು ಇನ್ನೊಂದು ಬಗೆ.

ಆ ರೂಮಿನಲ್ಲಿ ನಿದ್ದೆಗೆ ಹೆಸರಾದವರು ಅವರೇ. ಮೇಲಿನ ಮಂಚಕ್ಕೆ ಹತ್ತಿ ತಲೆದಿಂಬಿಗೆ ತಲೆ ಇಟ್ಟರೆ ಮುಗಿಯಿತು. ಎಸಿಯ ಗೊರಗೊರ, ಕೆಳಗೆ ನಮ್ಮ ಹರಟೆ, ಶಿಫ್ಟ್ ಮುಗಿಸಿ ಬಂದವರು ಹಾಕುವ ಲೈಟು, ಯಾವುದೂ ಅವರಿಗೆ ಲೆಕ್ಕ ಇಲ್ಲ. ಸುಬ್‌ಹಿಗೆ ಎಬ್ಬಿಸಲು ಕಾಲು ಹಿಡಿದು ಎಳೆಯಬೇಕಿತ್ತು. ‘ನಿಮ್ಮ ನಿದ್ದೆಯಲ್ಲಿ ಕಾಲು ಭಾಗ ನಮಗೆ ಕೊಡಿ ಮಾರಾಯ್ರೇ’ ಎಂದು ನಾವು ತಮಾಷೆ ಮಾಡುತ್ತಿದ್ದೆವು.

2021ರ ಎರಡನೇ ಅಲೆಯಲ್ಲಿ ಅವರಿಗೆ ಕೋವಿಡ್ ಬಂತು. ಆಗ ಅವರು ಊರಿಗೆ ಬಂದು ರೇಷ್ಮೆ ಹುಳು ಸಾಕುತ್ತಿದ್ದರು. ಮೂರು ವಾರ ಆಸ್ಪತ್ರೆ, ಅದರಲ್ಲಿ ಹನ್ನೊಂದು ದಿನ ಐಸಿಯು, ಆರು ದಿನ ವೆಂಟಿಲೇಟರ್. ಬದುಕಿ ಬಂದರು. ನಾವು ಫೋನಿನಲ್ಲಿ ಶುಕ್ರ್ ಹೇಳಿದೆವು, ಕೈಲಾದಷ್ಟು ಹಣ ಕೂಡಿಸಿ ಕಳಿಸಿದೆವು, ಆಮೇಲೆ ನಮ್ಮ ನಮ್ಮ ಕೆಲಸದಲ್ಲಿ ಮುಳುಗಿದೆವು. ಹೋಗಿ ನೋಡಲು ವರ್ಷಗಳೇ ಹಿಡಿದವು.

ಕಳೆದ ತಿಂಗಳು ಹೋದೆವು. ಜಗುಲಿಯಲ್ಲಿ ನಮಗೆ ಚಾಪೆ ಹಾಸಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ನೋಡಿದರೆ ಭಾಯಿ ಗೋಡೆಗೆ ಒರಗಿ ಕೂತಿದ್ದಾರೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಅದರ ಕೆಂಪು ಅಂಕಿಯನ್ನೇ ನೋಡುತ್ತಿದ್ದಾರೆ. ಏನು ಭಾಯಿ, ಉಸಿರು ಕಟ್ತದಾ ಎಂದು ಗಾಬರಿಯಲ್ಲಿ ಎದ್ದೆವು. ಅವರು ಹೇಳಿದ್ದು ಇಷ್ಟೇ: ‘ಏನೂ ಇಲ್ಲ ಭಾಯ್, ದಿನಾ ಹಿಂಗೇಯ. ಮಲಿಕ್ಕಂಡ್ರೆ ಉಸ್ರು ನಿಂತೋಯ್ತದೆ ಅನ್ನುಸ್ತದೆ. ನಾನು ನೋಡ್ಕಂಡಿದ್ರೆ ನಿಲ್ಲಾಕಿಲ್ಲ.’

ಈ ಮಾತಿನ ಹಿಂದೆ ಒಂದು ಕತೆ ಉಂಟು, ಅದು ಅವರೊಬ್ಬರ ಕತೆ ಅಲ್ಲ. 2021ರ ಮೇ 2ರ ರಾತ್ರಿ, ರಮಝಾನ್ ತಿಂಗಳು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯುತ್ತಾ ಬಂತು. ಮೈಸೂರಿನಿಂದ ಬರಬೇಕಿದ್ದ ಸಿಲಿಂಡರುಗಳು ಹೊತ್ತಿಗೆ ಬರಲಿಲ್ಲ. ಬೆಳಗಾಗುವಾಗ ಹೊರಗೆ ಬಂದ ಲೆಕ್ಕ 24 ಸಾವು. ಮುಂದೆ ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿಯ ವರದಿಯಲ್ಲಿ ಆ ಲೆಕ್ಕ 36 ಆಯಿತು. ಸತ್ತವರ ಮನೆಯವರಿಗೆ ಪರಿಹಾರ, ತಪ್ಪು ಯಾರದು, ವಿಚಾರಣೆ ಎಲ್ಲಿಗೆ ಬಂತು ಎಂಬ ಬಗ್ಗೆ ಬಹಳಷ್ಟು ಬರೆಯಲಾಗಿದೆ, ಬರೆಯಲೇಬೇಕು. ಆದರೆ ಆ ಹೊತ್ತಿಗೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗಿ, ಆ ಸುದ್ದಿ ಕೇಳಿ, ಬದುಕಿ ಬಂದವರು ಇದ್ದಾರಲ್ಲ, ಅವರ ರಾತ್ರಿಗಳ ಬಗ್ಗೆ ಯಾರು ಬರೆದರು?

ನಮ್ಮ ಭಾಯಿ ಆಗ ಚಾಮರಾಜನಗರದಲ್ಲಿ ಇರಲಿಲ್ಲ, ಬೇರೆ ಊರಿನ ಆಸ್ಪತ್ರೆಯಲ್ಲಿದ್ದರು. ಪಕ್ಕದ ಬೆಡ್ಡಿನವರ ಮೊಬೈಲಿನಲ್ಲಿ ಸುದ್ದಿ ಬಂತು. ‘ನಮ್ ಜಿಲ್ಲೆ ಆಸ್ಪತ್ರೇಲಿ ಆಕ್ಸಿಜನ್ ಖಾಲಿಯಾಗಿ ಮಲಗಿದ್ದೋರು ಮಲಗಿದಂಗೇ ಹೋದ್ರು’ ಎಂದು ಯಾರೋ ಹೇಳಿದರು. ಆ ದಿನದಿಂದ ಅವರು ಕಣ್ಣು ಮುಚ್ಚಲಿಲ್ಲ. ಗೋಡೆಯ ಮೇಲಿನ ಮೀಟರಿನ ಗುಂಡನ್ನೇ ನೋಡುತ್ತಾ ಕೂತರು. ಎರಡು ದಿನ ಆದ ಮೇಲೆ ಅವರಿಗೂ ವೆಂಟಿಲೇಟರ್ ಹಾಕಿದರು. ಆಮೇಲಿನದ್ದು ಅವರಿಗೆ ನೆನಪಿಲ್ಲ. ನೆನಪಿರುವುದು ಒಂದು ಕನಸು: ಹುಳುಮನೆಯ ತಟ್ಟೆಯ ಮೇಲೆ ತನ್ನನ್ನು ಕಟ್ಟಿ ಮಲಗಿಸಿದ್ದಾರೆ, ಬಾಯಿಗೆ ಸೊಪ್ಪು ತುರುಕುತ್ತಿದ್ದಾರೆ. ಅದು ಕನಸು ಎಂದು ಹಗಲಿನಲ್ಲಿ ಅವರಿಗೆ ಗೊತ್ತು. ರಾತ್ರಿ ಗೊತ್ತಾಗುವುದಿಲ್ಲ.

ನಾವು ವೈದ್ಯರಲ್ಲ. ಆದರೆ ಊರಿಗೆ ಬಂದ ಮೇಲೆ ಪರಿಚಯದ ಶ್ವಾಸಕೋಶ ತಜ್ಞರೊಬ್ಬರ ಹತ್ತಿರ ಕೂತು ಕೇಳಿದೆವು, ಓದಿಯೂ ನೋಡಿದೆವು. ಗೊತ್ತಾದದ್ದು ಏನೆಂದರೆ, ಇದು ಹೊಸದೂ ಅಲ್ಲ, ಅಪರೂಪವೂ ಅಲ್ಲ. ಐಸಿಯುವಿನಿಂದ ಬದುಕಿ ಬಂದವರಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುವ ತೊಂದರೆಗಳ ಒಂದು ಗೊಂಚಲಿಗೆ ವೈದ್ಯರು 2012ರಿಂದಲೇ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎಂಬ ಹೆಸರು ಬಳಸುತ್ತಿದ್ದಾರೆ. ಮೈಯಲ್ಲಿ ಬಲ ಇಲ್ಲದಿರುವುದು, ಮರೆವು, ಭಯ, ಬೇಸರ ಎಲ್ಲ ಅದರಲ್ಲಿ ಸೇರ್ತದೆ. ನಿದ್ದೆಗೇಡು ಇವುಗಳ ಜೊತೆಗೇ ಬರುವ ತೊಂದರೆ. ಬ್ರಿಟನ್ನಿನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿ ಮನೆಗೆ ಬಂದ 638 ಮಂದಿಯನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 62 ಮಂದಿಯ ನಿದ್ದೆ ಕೆಟ್ಟಿತ್ತು. ಇನ್ನೊಂದು ಮುಖ್ಯ ಮಾತೂ ಅದರಲ್ಲಿ ಉಂಟು. ನಿದ್ದೆ ಕೆಟ್ಟವರಲ್ಲೇ ಏದುಸಿರು ಹೆಚ್ಚು ಕಂಡಿತು. ಅಂದರೆ ಎರಡೂ ಕೈ ಕೈ ಹಿಡಿದುಕೊಂಡು ಬರ್ತವೆ. ಉಸಿರಿಲ್ಲ ಎಂದು ನಿದ್ದೆ ಇಲ್ಲ, ನಿದ್ದೆ ಇಲ್ಲದೆ ಭಯ ಹೆಚ್ಚಾಗ್ತದೆ, ಮೈಕೈಯ ಬಲ ಇಳಿಯುತ್ತದೆ, ಮತ್ತೆ ಏದುಸಿರು.

ಯಾಕೆ ಹೀಗೆ? ಐಸಿಯು ಎಂಬ ಕೋಣೆಯನ್ನು ನೆನೆಸಿಕೊಳ್ಳಿ. ಅಲ್ಲಿ ಹಗಲಿಲ್ಲ, ರಾತ್ರಿಯಿಲ್ಲ. ಲೈಟು ಯಾವಾಗಲೂ ಉರಿಯುತ್ತಿರುತ್ತದೆ. ಯಂತ್ರಗಳ ಟೀಂ ಟೀಂ ನಿಲ್ಲುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಸದ್ದು 30 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. ಐಸಿಯುಗಳಲ್ಲಿ ಅದು 50 ದಾಟುವುದು ಸಾಮಾನ್ಯ. ಗಂಟೆಗೊಮ್ಮೆ ಬಿಪಿ, ಸೂಜಿ, ಕಫ ತೆಗೆಯುವುದು. ಮಂಪರಿನ ಔಷಧಿ ಕೊಟ್ಟು ಮಲಗಿಸಿದ್ದು ನಿದ್ದೆಯ ಹಾಗೆ ಕಾಣ್ತದೆ, ಆದರೆ ಅದು ನಿಜವಾದ ನಿದ್ದೆ ಅಲ್ಲ. ಮೈಯೊಳಗೆ ಹಗಲು-ರಾತ್ರಿಯ ಲೆಕ್ಕ ಇಡುವ ಒಂದು ಗಡಿಯಾರ ಉಂಟು. ಬೆಳಕು ನೋಡಿ ಅದು ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಹನ್ನೊಂದು ದಿನ ಬೆಳಕೇ ಆರದಿದ್ದರೆ ಆ ಗಡಿಯಾರ ದಾರಿ ತಪ್ಪುತ್ತದೆ. ಅದರ ಮೇಲೆ ಸನ್ನಿ. ಹಿರಿಯರು ಜ್ವರ ತಲೆಗೇರಿದವರ ಬಡಬಡಿಕೆಗೆ ಹೇಳುತ್ತಿದ್ದ ‘ಸನ್ನಿ’ ಎಂಬ ಮಾತು ಐಸಿಯುವಿನ ಆ ಸ್ಥಿತಿಗೆ ಸರಿಯಾಗಿ ಒಪ್ಪುತ್ತದೆ. ಸನ್ನಿಯಲ್ಲಿ ಕಂಡದ್ದು ನಿಜವಾಗಿ ನಡೆದದ್ದಕ್ಕಿಂತ ಗಟ್ಟಿಯಾಗಿ ನೆನಪಿನಲ್ಲಿ ಉಳಿಯುತ್ತದೆ.

ಶ್ವಾಸಕೋಶದ ಕಾಯಿಲೆಯವರಿಗೆ ಇನ್ನೂ ಒಂದೆರಡು ಕಷ್ಟ ಸೇರುತ್ತದೆ. ಅಂಗಾತ ಮಲಗಿದರೆ ಹೊಟ್ಟೆ ಮೇಲೆ ಒತ್ತಿ ಎದೆಗೆ ಜಾಗ ಕಡಿಮೆ ಆಗ್ತದೆ. ಕನಸು ಬೀಳುವ ಗಾಢ ಹೊತ್ತಿನಲ್ಲಿ ಎದೆಗೂಡಿನ ಸ್ನಾಯುಗಳು ಸಡಿಲಾಗಿ, ಉಸಿರಿನ ಕೆಲಸ ಹೆಚ್ಚಾಗಿ ವಪೆ ಒಂದರ ಮೇಲೆ ಬೀಳುತ್ತದೆ. ಗಟ್ಟಿ ಶ್ವಾಸಕೋಶ ಇದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ಗಾಯ ಆರಿ ಗಡುಸಾದ ಶ್ವಾಸಕೋಶ ಇದ್ದವರಿಗೆ ಆ ಹೊತ್ತಿನಲ್ಲಿ ಆಮ್ಲಜನಕ ಇಳಿಯಬಹುದು. ಸ್ಟಿರಾಯ್ಡ್ ಮಾತ್ರೆಯೂ ನಿದ್ದೆ ಕೆಡಿಸುತ್ತದೆ. ಅದು ಕೋವಿಡ್‌ನಲ್ಲಿ ಎಷ್ಟೋ ಜೀವ ಉಳಿಸಿದ ಔಷಧಿ, ದೂರಬೇಕಾದದ್ದಲ್ಲ. ಆದರೆ ಸಂಜೆ ತೆಗೆದುಕೊಂಡರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ, ಬೆಳಗ್ಗೆ ತೆಗೆದುಕೊಳ್ಳಬಹುದಾ ಎಂದು ವೈದ್ಯರಲ್ಲಿ ಕೇಳಬೇಕು. ಇಷ್ಟು ಸಣ್ಣ ಮಾತನ್ನೂ ಡಿಸ್‌ಚಾರ್ಜ್ ಚೀಟಿಯಲ್ಲಿ ಯಾರೂ ಬರೆದು ಕೊಟ್ಟಿರಲಿಲ್ಲ ಎಂದು ಭಾಯಿ ಹೇಳಿದರು.

ಇಲ್ಲಿಯವರೆಗೆ ಹೇಳಿದ್ದು ಕಾಯಿಲೆಯ ಕತೆ. ಇನ್ನು ಹೇಳಬೇಕಾದದ್ದು ನಮ್ಮ ಕತೆ, ಅಂದರೆ ಸುತ್ತ ಇರುವವರ ಕತೆ. ಭಾಯಿಗೆ ನಿದ್ದೆ ಇಲ್ಲ ಎಂದು ಗೊತ್ತಾದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ‘ಬದುಕಿ ಬಂದಿದ್ದೀಯಲ್ಲ, ಅದಕ್ಕೆ ಶುಕ್ರ್ ಮಾಡು, ನಿದ್ದೆ ಏನು ಮಹಾ’ ಎಂದರು ಕೆಲವರು. ಕಣ್ಣು ತಾಗಿದೆ, ಏನೋ ಮೆಟ್ಟಿಕೊಂಡಿದೆ ಎಂದು ತಾಯತ ಕಟ್ಟಿಸಿದರು ಇನ್ನು ಕೆಲವರು. ಊರಿನ ರೈತರು ಮಾತ್ರ ಬೇರೆ ರೀತಿ ಯೋಚಿಸಿದರು. ಆ ಕಡೆ ಆನೆ, ಹಂದಿ ಕಾಟ ಜಾಸ್ತಿ. ಫಸಲಿನ ಕಾಲದಲ್ಲಿ ರಾತ್ರಿಯಿಡೀ ಹೊಲ ಕಾಯಬೇಕು. ನಿದ್ದೆಗೆಡುವುದು ಅಲ್ಲಿ ಕಾಯಿಲೆ ಅಲ್ಲ, ಬೇಸಾಯದ ಒಂದು ಭಾಗ. ‘ಹೆಂಗೂ ನಿದ್ದೆ ಬರಾಕಿಲ್ವಲ್ಲ, ಕಾವಲಿಗೆ ಬಾ’ ಎಂದರು. ಇವರೂ ಹೋದರು. ಬೆಂಕಿಯ ಹತ್ತಿರ ನಾಲ್ಕು ಜನರ ಜೊತೆ ಕೂತರೆ ಹೆದರಿಕೆ ಇಲ್ಲ. ಬೆಳಕು ಹರಿದ ಮೇಲೆ ಮನೆಗೆ ಬಂದು ಮಧ್ಯಾಹ್ನದವರೆಗೆ ಮಲಗುವುದು. ಯಾರ ಮೇಲೂ ತಪ್ಪಿಲ್ಲ, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮೊದಲೇ ದಾರಿ ತಪ್ಪಿದ್ದ ಮೈಯ ಗಡಿಯಾರ ಪೂರಾ ತಲೆಕೆಳಗಾಯಿತು.

ಆಮೇಲೆ ನಡೆದದ್ದು ಕೇಳಿ ನಮ್ಮ ಎದೆ ಝಲ್ ಎಂದಿತು. ಯಾರೋ ಪರಿಚಯದವರು ಒಂದು ನಿದ್ದೆ ಮಾತ್ರೆಯ ಹೆಸರು ಹೇಳಿದರು. ಚೀಟಿ ಇಲ್ಲದೆಯೇ ಅಂಗಡಿಯೊಂದರಲ್ಲಿ ಸಿಕ್ಕಿತು. ಮೊದಲು ಅರ್ಧ, ಆಮೇಲೆ ಒಂದು, ಆಮೇಲೆ ಎರಡು. ಒಂದು ರಾತ್ರಿ ಭಾಭಿಗೆ ಎಚ್ಚರ ಆಗಿ ನೋಡಿದರೆ ಇವರ ಉಸಿರು ಬಹಳ ಹೊತ್ತಿಗೊಮ್ಮೆ ಬರುತ್ತಿದೆ, ತುಟಿ ಕಪ್ಪಿಟ್ಟಿದೆ, ಎಬ್ಬಿಸಿದರೆ ಏಳುತ್ತಿಲ್ಲ. ಪಕ್ಕದ ಮನೆಯವರ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಬದುಕಿದರು, ಎರಡನೇ ಸಲ.

ಆಲ್ಪ್ರಝೋಲಾಂನಂಥ ನಿದ್ದೆ ಮಾತ್ರೆಗಳು ಶೆಡ್ಯೂಲ್ ಎಚ್1ರಲ್ಲಿ ಬರುತ್ತವೆ. ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗೆಯೇ ಇಲ್ಲ. ಕಾರಣ ಸುಮ್ಮನೆ ಅಲ್ಲ. ಈ ಮಾತ್ರೆಗಳು ಉಸಿರಾಟಕ್ಕೆ ಮಿದುಳು ಕೊಡುವ ಚಾಲನೆಯನ್ನು ಕುಗ್ಗಿಸಬಹುದು, ಗಂಟಲಿನ ಸ್ನಾಯುಗಳನ್ನು ಸಡಿಲಿಸಬಹುದು. ಶ್ವಾಸಕೋಶ ಸೋತವರಿಗೆ, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವವರಿಗೆ ಅದೇ ಜೀವಕ್ಕೆ ಕುತ್ತು. ಕೆಮ್ಮಿಗೆಂದು ಕುಡಿಯುವ ಕೊಡೀನ್ ಇರುವ ಸಿರಪ್ ಇದರ ಜೊತೆ ಸೇರಿದರೆ ಇನ್ನೂ ಅಪಾಯ. ಹಾಗೆಂದು ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಇವತ್ತೇ ನಿಲ್ಲಿಸಬಾರದು, ಒಮ್ಮೆಲೇ ನಿಲ್ಲಿಸಿದರೂ ತೊಂದರೆ ಆಗ್ತದೆ. ವೈದ್ಯರಿಗೆ ಹೇಳಿ ಮೆಲ್ಲಗೆ ಇಳಿಸಬೇಕು. ಕೆಲವರಿಗೆ ವೈದ್ಯರೇ ನೋಡಿ ಔಷಧಿ ಕೊಡಬೇಕಾಗುತ್ತದೆ, ಅದು ಬೇರೆ ಮಾತು. ನಾವು ಹೇಳುವುದು ಅಂಗಡಿಯಿಂದ ತಂದು ನುಂಗುವ ಬಗ್ಗೆ.

ಭಾಭಿಯ ಮಾತನ್ನೂ ಇಲ್ಲಿ ಬರೆಯದಿದ್ದರೆ ನಾವು ಅನ್ಯಾಯ ಮಾಡಿದ ಹಾಗೆ. ನಾವು ಹೊರಡುವಾಗ ಅವರು ಬಾಗಿಲ ಹಿಂದಿನಿಂದಲೇ ಹೇಳಿದರು: ‘ಅವ್ರಿಗೆ ನಿದ್ದೆ ಬರಾಕಿಲ್ಲ ಅಂತ ಎಲ್ರೂ ಕೇಳ್ತೀರಿ. ನಂಗೂ ಅವತ್ತಿಂದ ನಿದ್ದೆ ಇಲ್ಲ. ಅವ್ರು ಅಪ್ಪಿತಪ್ಪಿ ಮಲಿಕ್ಕಂಡ್ರೆ ಉಸ್ರಾಡ್ತಾವ್ರಾ ಅಂತ ಎದೆ ಮ್ಯಾಲೆ ಕೈ ಇಟ್ಟು ನೋಡ್ತೀನಿ.’ ಒಂದು ಮನೆಯಲ್ಲಿ ಒಬ್ಬರಿಗೆ ಕಾಯಿಲೆ, ಇಬ್ಬರಿಗೆ ನಿದ್ದೆ ಇಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿಯೂ ಇಂಥ ಎಷ್ಟು ಉಮ್ಮಂದಿರು, ಹೆಂಡತಿಯರು, ಹೆಣ್ಣುಮಕ್ಕಳು ಕಾವಲು ಕೂತಿದ್ದಾರೋ! ಅವರನ್ನು ಕೇಳಿದವರು ಯಾರು?

ಇದು ಕೋವಿಡ್ ಒಂದರ ಮಾತೂ ಅಲ್ಲ. ನ್ಯುಮೋನಿಯಾ, ಎಚ್1ಎನ್1, ಉಬ್ಬಸ ಹೆಚ್ಚಾಗಿ ವೆಂಟಿಲೇಟರ್ ಕಂಡವರು, ಕ್ಷಯದಿಂದ ಗುಣವಾದರೂ ಶ್ವಾಸಕೋಶದ ಒಂದು ಭಾಗ ಕಳಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ನಮ್ಮ ಹಿರಿಯರಿಗೆ ಈ ವಿಷಯ ಒಂದು ರೀತಿಯಲ್ಲಿ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೈಸೂರಿನಲ್ಲಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಇದೆ. ಕ್ಷಯದಿಂದ ತೀರಿಕೊಂಡ ತಂಗಿಯ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಕ್ಷಯಕ್ಕೆ ಔಷಧಿ ಇನ್ನೂ ಹುಟ್ಟಿರದ ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಎಂದರೆ ಒಳ್ಳೆ ಗಾಳಿ, ಒಳ್ಳೆ ಊಟ, ಹೊತ್ತು ಹೊತ್ತಿಗೆ ವಿಶ್ರಾಂತಿ. ಔಷಧಿ ಬಂದ ಮೇಲೆ ಜೀವಗಳು ಉಳಿದವು, ಒಳ್ಳೆಯದೇ ಆಯಿತು. ಆದರೆ ವಿಶ್ರಾಂತಿಯೂ ಚಿಕಿತ್ಸೆಯ ಭಾಗ ಎಂಬುದನ್ನು ನಾವು ಮರೆತೆವು.

ಬಂಡಳ್ಳಿಯಲ್ಲಿ ಭಾಯಿ ತಮ್ಮ ಹುಳುಮನೆ ತೋರಿಸಿದರು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಅದಕ್ಕೆ ಆ ಕಡೆಯ ರೈತರು ‘ಜ್ವರ’ ಎನ್ನುತ್ತಾರೆ, ಒಂದನೇ ಜ್ವರ, ಎರಡನೇ ಜ್ವರ ಎಂದು. ಜ್ವರಕ್ಕೆ ಕೂತ ಹುಳ ತಲೆ ಎತ್ತಿ ಅಲುಗಾಡದೆ ಇರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಕದಲಿಸುವುದಿಲ್ಲ. ‘ಹುಳ ಜ್ವರದಿಂದ ಎದ್ದ ಮ್ಯಾಲೆ ಮೊದಲು ಎಳೆ ಸೊಪ್ಪು ಕೊಡ್ಬೇಕು, ಗಾಳಿ ಬೆಳಕು ನೋಡ್ಬೇಕು’ ಎಂದು ಅವರು ವಿವರಿಸುತ್ತಿದ್ದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಳಕ್ಕೆ ಇರುವ ಈ ಆರೈಕೆ ಮನುಷ್ಯನಿಗೆ ಯಾಕಿಲ್ಲ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಮೊದಲನೆಯದು ಆಸ್ಪತ್ರೆಗಳಿಗೆ. ಐಸಿಯುವಿನಲ್ಲಿ ರಾತ್ರಿ ಕೆಲವು ಗಂಟೆಯಾದರೂ ಲೈಟು ತಗ್ಗಿಸಿ, ಅಗತ್ಯ ಇಲ್ಲದ ಸದ್ದು ಕಡಿಮೆ ಮಾಡಿ, ಎಚ್ಚರ ಇರುವ ರೋಗಿಗೆ ಕಣ್ಣಿಗೊಂದು ಪಟ್ಟಿ, ಕಿವಿಗೆ ಹತ್ತಿ ಕೊಡಿ. ಇದಕ್ಕೆ ಲಕ್ಷಗಟ್ಟಲೆ ಬೇಕಾಗಿಲ್ಲ. ಮನೆಗೆ ಕಳಿಸುವಾಗ ಕನ್ನಡದಲ್ಲಿ ಒಂದು ಹಾಳೆ ಕೊಡಿ: ಕೆಲವು ವಾರ ನಿದ್ದೆ ಕೆಡಬಹುದು, ಕೆಟ್ಟ ಕನಸು ಬೀಳಬಹುದು, ಅದು ಹುಚ್ಚಲ್ಲ, ಇಷ್ಟು ದಿನದಲ್ಲಿ ಸರಿಯಾಗದಿದ್ದರೆ ಇಲ್ಲಿಗೆ ಬನ್ನಿ ಎಂದು. ಡೆನ್ಮಾರ್ಕ್, ಸ್ವೀಡನ್, ನಾರ್ವೆಯ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಪ್ರಜ್ಞೆ ಇಲ್ಲದ ರೋಗಿಯ ಹೆಸರಿನಲ್ಲಿ ದಿನಚರಿ ಬರೆದಿಡುವ ರೂಢಿ ಉಂಟು. ಇವತ್ತು ನಿಮಗೆ ಹೀಗಾಯಿತು, ನಿಮ್ಮ ಮಗ ಬಂದಿದ್ದ, ಹೊರಗೆ ಮಳೆ ಬಂತು ಎಂದೆಲ್ಲ. ಕಳೆದುಹೋದ ದಿನಗಳಲ್ಲಿ ನಿಜವಾಗಿ ಏನಾಯಿತು ಎಂದು ರೋಗಿಗೆ ಆಮೇಲೆ ತಿಳಿಯಲಿ ಎಂದು. ಇಲ್ಲಿ ನರ್ಸ್‌ಗಳಿಗೆ ಅಷ್ಟು ಬಿಡುವು ಎಲ್ಲಿದೆ? ಆದರೆ ಹೊರಗೆ ಬೆಂಚಿನಲ್ಲಿ ಕೂತ ಮನೆಯವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದಲ್ಲ.

ಎರಡನೆಯದು ಸರಕಾರಕ್ಕೆ. ಹನೂರಿನಂಥ ಕಡೆಯಿಂದ ಜಿಲ್ಲಾ ಕೇಂದ್ರಕ್ಕೆ, ಮೈಸೂರಿಗೆ ಹೋಗಿ ಬರುವುದು ಎಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಹಣ ಹೋಯಿತು. ಆಶಾ ಕಾರ್ಯಕರ್ತೆಯರು ಮನೆಗೆ ಹೋಗುವಾಗ ಬಾಣಂತಿಯನ್ನು ಕೇಳುವ ಹಾಗೆ ಐಸಿಯುವಿನಿಂದ ಬಂದವರನ್ನೂ ‘ನಿದ್ದೆ ಹೇಗೆ’ ಎಂದು ಕೇಳುವ ಏರ್ಪಾಡಾಗಲಿ, ಅದಕ್ಕೆ ತಕ್ಕ ಗೌರವಧನವೂ ಸಿಗಲಿ. ತಾಲೂಕು ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಹೇಳಿಕೊಡುವ ಒಬ್ಬರು, ಮನೋವೈದ್ಯರ ಭೇಟಿಯ ಒಂದು ದಿನ ಖಚಿತವಾಗಿ ಇರಲಿ. ಫೋನಿನಲ್ಲಿ ಕೇಳಬೇಕೆಂದರೆ ಟೆಲಿ ಮಾನಸ್ ಎಂಬ ಸಹಾಯವಾಣಿ ಉಂಟು, ಸಂಖ್ಯೆ 14416. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಭಾಯಿಯ ಮನೆಯಲ್ಲಿ ಯಾರಿಗೂ ಈ ಸಂಖ್ಯೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲೂ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಮೂರನೆಯದು ನಮಗೇ, ನಮ್ಮ ಜಮಾಅತ್‌ಗಳಿಗೆ. ಕೋವಿಡ್ ಕಾಲದಲ್ಲಿ ನಮ್ಮ ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಯಾರ ಮಯ್ಯಿತ್ ಎಂದೂ ನೋಡದೆ ಮಣ್ಣು ಮಾಡಿದರು. ಆಕ್ಸಿಜನ್ ಯಂತ್ರ ಮನೆಯಿಂದ ಮನೆಗೆ ಹೊತ್ತರು. ಆ ಕೆಲಸ ಮುಗಿಯಿತು ಎಂದುಕೊಂಡಿದ್ದೇವೆ, ಮುಗಿದಿಲ್ಲ. ಅವತ್ತು ಯಾರ ಮನೆಗೆ ಯಂತ್ರ ಹೊತ್ತಿದ್ದೆವೋ ಆ ಮನೆಗಳ ಪಟ್ಟಿ ಹಲವರ ಮೊಬೈಲಿನಲ್ಲಿ ಇನ್ನೂ ಇರಬಹುದು. ಇನ್ನೊಮ್ಮೆ ಹೋಗಿ ನಿದ್ದೆಯ ಬಗ್ಗೆ ಕೇಳಿ. ಖತೀಬರು ಜುಮಾದ ದಿನ ಎರಡು ಮಾತು ಹೇಳಿದರೆ ನೂರು ಮನೆಗೆ ಮುಟ್ಟುತ್ತದೆ. ದುಆ ಮಾಡುವವರು ಮಾಡಲಿ, ಮನಸ್ಸಿಗೆ ನೆಮ್ಮದಿ ಆಗ್ತದೆ. ಆದರೆ ಉಸಿರು ಕಟ್ಟುವವರನ್ನು ತಾಯತ ಕಟ್ಟಿ ಮನೆಯಲ್ಲೇ ಕೂರಿಸುವುದು ಬೇಡ. ರೋಗಿಯನ್ನು ನೋಡಲು ರಾತ್ರಿ ಹತ್ತು ಗಂಟೆಗೆ ಮಕ್ಕಳುಮರಿ ಕಟ್ಟಿಕೊಂಡು ಹೋಗುವ ನಮ್ಮ ಅಭ್ಯಾಸವನ್ನೂ ಸ್ವಲ್ಪ ಬಿಡೋಣ.

ಮನೆಯಲ್ಲಿ ಮಾಡಬಹುದಾದದ್ದೂ ಉಂಟು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಮಾತ್ರೆ ಅಲ್ಲ, ಅಭ್ಯಾಸ ಮತ್ತು ಯೋಚನೆ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘ ಒಂದು 2016ರಲ್ಲೇ ಶಿಫಾರಸು ಮಾಡಿದೆ. ಅದರ ಮುಖ್ಯ ಪಾಠಗಳು ಸರಳ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದು. ಹಗಲು ಹಾಸಿಗೆಯಿಂದ ದೂರ ಇರುವುದು. ನಿದ್ದೆ ಬಾರದೆ ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದಾಗ ಮತ್ತೆ ಮಲಗುವುದು. ಇದರ ಜೊತೆಗೆ ಎದ್ದ ಕೂಡಲೇ ಬಿಸಿಲಿಗೆ ಹೋಗುವುದು, ಮಧ್ಯಾಹ್ನದ ಮೇಲೆ ಚಹಾ ಕಾಫಿ ಬಿಡುವುದು. ಉಸಿರಿನ ಕಷ್ಟ ಇರುವವರು ತಲೆ, ಬೆನ್ನು ಎತ್ತರ ಮಾಡಿ ಅಥವಾ ಮಗ್ಗುಲಾಗಿ ಮಲಗುವುದು. ವೈದ್ಯರು ಹೇಳಿದಷ್ಟು ನಡಿಗೆ, ಉಸಿರಾಟದ ವ್ಯಾಯಾಮ.

ಆದರೆ ಕೆಲವು ಗುರುತುಗಳನ್ನು ಕಂಡರೆ ಮನೆಮದ್ದಿಗೆ ಕಾಯಬಾರದು. ಗಟ್ಟಿ ಗೊರಕೆ, ನಡುವೆ ಉಸಿರು ನಿಂತು ಮತ್ತೆ ಒಮ್ಮೆಲೇ ಎಳೆಯುವುದು, ಬೆಳಗ್ಗೆ ಎದ್ದಾಗ ತಲೆನೋವು, ಹಗಲು ಕೂತಲ್ಲೇ ತೂಕಡಿಕೆ, ಕಾಲು ಊದುವುದು, ಅಂಗಾತ ಮಲಗಲು ಆಗದಿರುವುದು, ಬದುಕೇ ಬೇಡ ಎಂಬ ಮಾತು. ಇವು ಇದ್ದರೆ ಬೇಗ ವೈದ್ಯರ ಹತ್ತಿರ ಹೋಗಬೇಕು. ತುಟಿ, ಉಗುರು ನೀಲಿಗಟ್ಟಿದರೆ ಅಥವಾ ಎಬ್ಬಿಸಿದರೆ ಏಳದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ.

ಭಾಯಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿ ಬಂದೆವು. ಅಲ್ಲಿನ ವೈದ್ಯರು ಅವರ ಆಕ್ಸಿಮೀಟರ್ ಕೈಗೆ ತೆಗೆದುಕೊಂಡು, ‘ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡಿ ಸಾಕು. ರಾತ್ರಿ ಇದು ನಿಮ್ಮನ್ನ ಕಾಯ್ತಿಲ್ಲ, ಎಬ್ಬಿಸ್ತಿದೆ’ ಎಂದರು. ರಾತ್ರಿ ಆಮ್ಲಜನಕ ಇಳಿಯುತ್ತದೆಯೇ ಎಂದು ಸರಿಯಾದ ಪರೀಕ್ಷೆ ಮಾಡಿಸಿದರು, ಭಯಕ್ಕೆ ಬೇರೆ ವೈದ್ಯರ ಹತ್ತಿರ ಕಳಿಸಿದರು. ಮೀಟರ್ ಈಗ ಭಾಭಿಯ ಕಪಾಟಿನಲ್ಲಿ ಉಂಟು, ಬೀಗ ಹಾಕಿ. ಕಾವಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಎಲ್ಲ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊನ್ನೆ ಫೋನ್ ಮಾಡಿದಾಗ ನಾಲ್ಕು ಗಂಟೆ ಮಲಗಿದೆ ಎಂದರು, ಅದರ ಹಿಂದಿನ ದಿನ ಎರಡೇ ಗಂಟೆ. ಮೇ ತಿಂಗಳು ಬಂದರೆ ಈಗಲೂ ಜಾಸ್ತಿ ಆಗ್ತದಂತೆ.

ಈ ಪುಟ ಓದುತ್ತಿರುವ ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಗಲ್ಫ್‌ನಲ್ಲಿ ಜೊತೆಗಿದ್ದವರಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಇವತ್ತು ಅವರಿಗೆ ಒಂದು ಫೋನ್ ಮಾಡಿ. ಹೇಗಿದ್ದೀರಿ ಎಂದರೆ ಅವರು ‘ಅಲ್‌ಹಮ್ದುಲಿಲ್ಲಾಹ್’ ಎಂದೇ ಹೇಳ್ತಾರೆ. ಅಲ್ಲಿಗೆ ಫೋನ್ ಇಡಬೇಡಿ. ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದಿರಿ ಎಂದು ಕೇಳಿ. ಪಕ್ಕದಲ್ಲಿ ಕಾವಲು ಕೂತವರನ್ನೂ ಕೇಳಿ. ನಾವು ಕೇಳಲು ತಡ ಮಾಡಿದೆವು, ನೀವು ಮಾಡಬೇಡಿ.